ಟ್ರ್ಯಾಕ್ಟರಿನ ಮೂರು ಕೊಂಡಿ, ಬೋರ್ಡಿನ ಮೂವತ್ತೆರಡು ತೂತು

ಟ್ರ್ಯಾಕ್ಟರ್ ಯಾವ ಕಂಪನಿಯದ್ದೇ ಇರಲಿ, ಅದರ ಹಿಂದೆ ಮೂರು ಕೊಂಡಿ ಇರುತ್ತವೆ. ಕಲ್ಟಿವೇಟರ್, ರೋಟವೇಟರ್, ಪಲ್ಟಿ ನೇಗಿಲು, ಬಿತ್ತನೆ ಕೂರಿಗೆ ಯಾವುದನ್ನು ತಂದರೂ ಆ ಮೂರು ಕೊಂಡಿಗೆ ಪಿನ್ ಹಾಕಿದರೆ ಕೆಲಸ ಶುರು. ಹೋಬಳಿ ಊರಿನ ವೆಲ್ಡಿಂಗ್ ಶಾಪಿನವರೂ ಕಲ್ಟಿವೇಟರ್ ಮಾಡಿ ಮಾರುತ್ತಾರಲ್ಲ, ಅದಕ್ಕಾಗಿ ಅವರು ಯಾವ ಟ್ರ್ಯಾಕ್ಟರ್ ಕಂಪನಿಯ ಅಪ್ಪಣೆಯನ್ನೂ ಕೇಳಿಲ್ಲ. ಕೊಂಡಿಯ ಅಳತೆ ಎಲ್ಲರಿಗೂ ಗೊತ್ತಿದೆ. ಅಳತೆ ಗೊತ್ತಿದ್ದವರಿಗೆ ದುಡಿಮೆಯೂ ಇದೆ.

ಎಲೆಕ್ಟ್ರಾನಿಕ್ಸ್‌ನಲ್ಲೂ ಇಂಥದ್ದೇ ಒಂದು ಕೊಂಡಿ ಇದೆ. ಅದರ ಹೆಸರು ಆರ್ಡುಯಿನೊ. ಅಂಗೈಯಷ್ಟೂ ಇಲ್ಲದ ಒಂದು ಬೋರ್ಡು, ಅದರ ಎರಡು ಅಂಚಿನಲ್ಲಿ ಸಾಲಾಗಿ ತೂತುಗಳು. ಆ ತೂತುಗಳಿಗೆ ಸರಿಯಾಗಿ ಕೂರುವ ಇನ್ನೊಂದು ಬೋರ್ಡನ್ನು ಮೇಲೆ ಒತ್ತಿದರೆ ಹೊಸ ಕೆಲಸ ಬರುತ್ತದೆ. ಮೊಬೈಲ್ ಸಿಮ್ ಹಾಕುವ ಬೋರ್ಡು ಕೂರಿಸಿದರೆ ಎಸ್‌ಎಂಎಸ್ ಬರುತ್ತದೆ, ರಿಲೇ ಬೋರ್ಡು ಕೂರಿಸಿದರೆ ಮೋಟರಿನ ಸ್ಟಾರ್ಟರ್ ಆನ್ ಆಗುತ್ತದೆ. ಟಿಫಿನ್ ಕ್ಯಾರಿಯರ್ ಹಾಗೆ ಒಂದರ ಮೇಲೊಂದು. ಈ ಮೇಲಿನ ಬೋರ್ಡುಗಳಿಗೆ ಶೀಲ್ಡ್ ಎನ್ನುತ್ತಾರೆ, ಅಂದರೆ ಗುರಾಣಿ.

ಇದು ಇಟಲಿಯಲ್ಲಿ ಹುಟ್ಟಿದ ಬೋರ್ಡು. ಆದರೆ ಕಾರ್ಡು ಚುಚ್ಚಿ ಯಂತ್ರ ಬೆಳೆಸುವ ವಿದ್ಯೆ ನಮ್ಮ ಬೆಂಗಳೂರಿನ ಅಂಚಿಗೂ, ನಮ್ಮ ಹಳ್ಳಿಗಳಿಗೂ ಅದಕ್ಕಿಂತ ಮೊದಲೇ ಬಂದಿತ್ತು. ಆ ಕಥೆ ನಮ್ಮ ಓದುಗರಿಗೆ ಯಾಕೆ ಬೇಕು? ಊರಿನಿಂದ ಪೀಣ್ಯಕ್ಕೋ ಎಲೆಕ್ಟ್ರಾನಿಕ್ ಸಿಟಿಗೋ ಹೋದ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ಸಿಗುವುದು ಬೋರ್ಡಿಗೆ ಬಿಡಿಭಾಗ ಕೂರಿಸುವ, ಬೆಸುಗೆ ಹಾಕುವ, ಪರೀಕ್ಷಿಸಿ ಡಬ್ಬಿಗೆ ತುಂಬುವ ಕೆಲಸ. ಬೋರ್ಡಿನ ನಕ್ಷೆ ಬರೆಯುವ ಕೆಲಸ ಬೇರೆಯವರದ್ದು. ಆ ಕೆಲಸ ನಮ್ಮವರಿಗೂ ಸಿಗಬಹುದಾ ಅನ್ನುವುದು ಈ ಬರಹದ ಪ್ರಶ್ನೆ.

ಪೀಣ್ಯದ ಶೆಡ್ಡುಗಳು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಫ್ಟ್‌ವೇರ್ ಕಂಪನಿಗಳಿಂದ ಶುರುವಾದದ್ದಲ್ಲ. 1948ರಲ್ಲಿ ದೂರವಾಣಿ ನಗರದ ಐಟಿಐ ಟೆಲಿಫೋನ್ ಕಾರ್ಖಾನೆ ಬಂತು. 1954ರಲ್ಲಿ ಜಾಲಹಳ್ಳಿಯ ಬಿಇಎಲ್ ಬಂತು. ಜಾಲಹಳ್ಳಿಯ ಮಗ್ಗುಲಲ್ಲೇ ಪೀಣ್ಯ. 1970ರ ದಶಕದಲ್ಲಿ ಅಲ್ಲಿ ಕೈಗಾರಿಕಾ ಶೆಡ್ಡುಗಳು ಏಳತೊಡಗಿದವು.

ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಅಂಥ ಶೆಡ್ಡುಗಳಲ್ಲೇ. ತಂಡ ಕಟ್ಟಿದವರು ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್. 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋಯಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ಅದರ ವಿಜ್ಞಾನ ಪ್ರಯೋಗಗಳು ನಿಂತವು. ಆದರೂ ಪೀಣ್ಯದ ಶೆಡ್ಡಿನಲ್ಲಿ ಕೂತು ಸರ್ಕ್ಯೂಟ್ ಬರೆದು, ಬೋರ್ಡು ಮಾಡಿ, ಬಾಹ್ಯಾಕಾಶಕ್ಕೆ ಕಳಿಸಬಹುದು ಅನ್ನುವುದು ಸಾಬೀತಾಗಿತ್ತು.

ಅತ್ತ ನಗರದ ದಕ್ಷಿಣಕ್ಕೆ, ಹೊಸೂರು ರಸ್ತೆಯಲ್ಲಿ ಇನ್ನೊಂದು ಯೋಜನೆ ತಯಾರಾಗುತ್ತಿತ್ತು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1976ರಲ್ಲಿ ಹುಟ್ಟಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. ಹೆಸರು ನೋಡಿ: ಸಾಫ್ಟ್‌ವೇರ್ ಸಿಟಿ ಅಲ್ಲ, ಎಲೆಕ್ಟ್ರಾನಿಕ್ ಸಿಟಿ. ಸಾಫ್ಟ್‌ವೇರ್‌ನ ಗಾಜಿನ ಕಟ್ಟಡಗಳು ಆಮೇಲಿನ ಮಾತು.

ಕಿತ್ತೂರಿಗೆ ಬಂದ ಕಾರ್ಡುಗಳು

ಆಗಿನ ದೊಡ್ಡ ಎಲೆಕ್ಟ್ರಾನಿಕ್ ಯಂತ್ರ ಅಂದರೆ ಬೀರುವಿನಂಥ ಚೌಕಟ್ಟು. ಅದರೊಳಗೆ ಪುಸ್ತಕ ಜೋಡಿಸಿದ ಹಾಗೆ ಕಾರ್ಡುಗಳು. ಒಂದು ಕಾರ್ಡು ಕೆಟ್ಟರೆ ಅದೊಂದನ್ನೇ ಎಳೆದು ಇನ್ನೊಂದನ್ನು ತಳ್ಳುವುದು.

ಈ ವಿದ್ಯೆ ಹಳ್ಳಿಗೆ ಬಂದದ್ದು ಟೆಲಿಫೋನ್ ಮೂಲಕ. ದೇಶಕ್ಕೇ ಹೊಂದುವ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಲು 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕು, ಧೂಳು ಆಗದು. ನಮ್ಮ ಹಳ್ಳಿಯಲ್ಲಿ ಎಸಿ ಎಲ್ಲಿಂದ ತರುವುದು? ಎಸಿ ಇಲ್ಲದೆ ನಡೆಯುವ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು ಸಿ-ಡಾಟ್ ಮಾಡಿತು. ಅದರ ಮೊದಲನೆಯದು 1986ರ ಜುಲೈನಲ್ಲಿ ಚಾಲೂ ಆದದ್ದು ನಮ್ಮ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಸಿ-ಡಾಟ್ ತಾನೇ ಕಾರ್ಖಾನೆ ಹಾಕಲಿಲ್ಲ. ವಿನ್ಯಾಸವನ್ನು ಹಲವು ತಯಾರಕರಿಗೆ ಪರವಾನಗಿ ಮೇಲೆ ಕೊಟ್ಟಿತು. ಯಾರು ಮಾಡಿದರೂ ಅಳತೆ ಒಂದೇ, ಕಾರ್ಡು ಕೂರಬೇಕಾದ ಜಾಗ ಒಂದೇ. ಊರೂರಿನ ಎಸ್‌ಟಿಡಿ ಬೂತಿನ ಹಿಂದೆ ನಿಂತಿದ್ದ ವಿದ್ಯೆಯಲ್ಲಿ ಇದೂ ಒಂದು.

ಮತಯಂತ್ರದ ಪಾಠ

ಕೊಂಡಿ ಹಾಕಿ ಬೆಳೆಸುವ ಇನ್ನೊಂದು ಯಂತ್ರವನ್ನು ನೀವೆಲ್ಲ ಮುಟ್ಟಿದ್ದೀರಿ. ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಮಾಡುವ ಮತಯಂತ್ರ. ಅಧಿಕಾರಿಯ ಮುಂದೆ ಇರುವುದು ಕಂಟ್ರೋಲ್ ಯೂನಿಟ್, ನಾವು ಗುಂಡಿ ಒತ್ತುವುದು ಬ್ಯಾಲೆಟ್ ಯೂನಿಟ್. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ ನೋಟಾ ಸೇರಿ 16 ಗುಂಡಿ. ಅಭ್ಯರ್ಥಿಗಳು ಹೆಚ್ಚಾದರೆ? ಹೊಸ ಯಂತ್ರ ಮಾಡಬೇಕಿಲ್ಲ, ಇನ್ನೊಂದು ಯೂನಿಟ್ ಜೋಡಿಸಿದರಾಯಿತು. ಹಳೆಯ ಮಾದರಿಗೆ ನಾಲ್ಕರವರೆಗೆ ಜೋಡಿಸಬಹುದಿತ್ತು, ಅಂದರೆ 64 ಹೆಸರು. ಹೊಸ ಎಂ3 ಮಾದರಿಗೆ 24 ಯೂನಿಟ್, 384 ಹೆಸರು. 1996ರಲ್ಲಿ ಬೆಳಗಾವಿ ಲೋಕಸಭೆಗೆ 456 ಮಂದಿ ನಿಂತಿದ್ದರು. ಆಗ ಮತಪತ್ರವೇ ಪುಸ್ತಕದಷ್ಟಾಗಿತ್ತು. ಎಂ3 ಯಂತ್ರಕ್ಕೂ ಅಷ್ಟು ಮಂದಿ ಹಿಡಿಸುವುದಿಲ್ಲ.

ಹಳೆಯ ಬ್ಯಾಲೆಟ್ ಯೂನಿಟ್ ಒಳಗೆ ಒಂದು ಸಣ್ಣ ಸ್ಲೈಡ್ ಸ್ವಿಚ್ ಇರುತ್ತದೆ: 1, 2, 3, 4. ಮೊದಲ ಯೂನಿಟ್‌ಗೆ 1, ಎರಡನೆಯದಕ್ಕೆ 2 ಎಂದು ಅದನ್ನು ಸರಿಸಿ ಸೀಲ್ ಮಾಡುತ್ತಾರೆ. ಇಲ್ಲದಿದ್ದರೆ ಒತ್ತಿದ ಗುಂಡಿ ಯಾವ ಯೂನಿಟ್‌ನದ್ದು ಅಂತ ಕಂಟ್ರೋಲ್ ಯೂನಿಟ್‌ಗೆ ತಿಳಿಯುವುದು ಹೇಗೆ? ಈ ಸ್ವಿಚ್ ನೆನಪಿಟ್ಟುಕೊಳ್ಳಿ. ಶೀಲ್ಡ್ ಮಾಡುವಾಗಲೂ ಇದೇ ಪ್ರಶ್ನೆ ಬರುತ್ತದೆ.

ಒಂದು ವ್ಯತ್ಯಾಸವೂ ಇದೆ. ಮತಯಂತ್ರದ ಕೊಂಡಿ ಹೊರಗಿನವರಿಗೆ ಮುಚ್ಚಿದ ಕೊಂಡಿ. ಮತದ ವಿಷಯದಲ್ಲಿ ಹಾಗೇ ಇರಬೇಕು. ಆದರೆ ತೋಟದ ಮೋಟರಿಗೂ ಅದೇ ನಿಯಮ ಬೇಕಾ?

ಸಿಂಪ್ಯೂಟರ್: ಬೆಂಗಳೂರು ಮೊದಲೇ ಯೋಚಿಸಿತ್ತು

ವಿನ್ಯಾಸವನ್ನು ಬಿಚ್ಚಿಟ್ಟು, ಯಾರು ಬೇಕಾದರೂ ನೋಡಿ ಮಾಡಿ ಅನ್ನುವ ಯೋಚನೆ ಬೆಂಗಳೂರಿನಲ್ಲಿ ಆರ್ಡುಯಿನೊಗಿಂತ ಮೊದಲೇ ಬಂದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಸಿಂಪ್ಯೂಟರ್ ಎಂಬ ಕೈ ಕಂಪ್ಯೂಟರ್ ರೂಪಿಸಿದರು. ಓದು ಬಾರದವರಿಗೂ ಬಳಸಲು ಬರಬೇಕು, ನಮ್ಮ ಭಾಷೆಗಳಲ್ಲಿ ಮಾತಾಡಬೇಕು, ಒಂದೇ ಯಂತ್ರವನ್ನು ಊರಿನವರೆಲ್ಲ ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಳ್ಳಬೇಕು ಅನ್ನುವುದು ಆಸೆ. ಕರ್ನಾಟಕದ ಭೂದಾಖಲೆ ಕೆಲಸದಲ್ಲೂ ಅದನ್ನು ಬಳಸಿ ನೋಡಿದರು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಹೆಸರಿನಲ್ಲಿ ತಯಾರಿಸಿತು. ಬೆಲೆ ಸುಮಾರು ಹತ್ತು ಸಾವಿರದಿಂದ ಶುರು.

ಅದರ ಯಂತ್ರಭಾಗದ ನಕ್ಷೆಗೂ ಒಂದು ಸಾರ್ವಜನಿಕ ಪರವಾನಗಿ ಬರೆದಿದ್ದರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಮಾರಾಟ ಎಣಿಸಿದಷ್ಟು ಆಗಲಿಲ್ಲ.

ಯಾಕೆ ಆಗಲಿಲ್ಲ? ನಮಗೆ ಕಾಣುವ ಕಾರಣ ಮೂರು. ಒಂದು, ಅದು ಪೂರ್ತಿ ಮುಗಿದ ವಸ್ತು. ಕೊಂಡವರು ಬಳಸಬಹುದು, ಆದರೆ ಸಾಮಾನ್ಯರು ಅದಕ್ಕೆ ತಮ್ಮದೊಂದು ತುಂಡು ಸೇರಿಸುವುದು ಕಷ್ಟ. ಎರಡು, ನಕ್ಷೆ ನೋಡಲು ಸಿಕ್ಕರೂ ತಯಾರಿಸಿ ಮಾರುವವರು ಟ್ರಸ್ಟಿಗೆ ಶುಲ್ಕ ಕಟ್ಟಬೇಕಿತ್ತು. ಸಣ್ಣ ಶೆಡ್ಡಿನವರು ಆ ದಾರಿಗೆ ಬರಲಿಲ್ಲ. ಮೂರು, ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗುತ್ತ ಬಂತು.

ಇವ್ರಿಯಾದ ಬೋರ್ಡು ಮತ್ತು ಒಂದು ವಕ್ರ ಸಂದು

ಅದೇ ಹೊತ್ತಿಗೆ ಇಟಲಿಯ ಇವ್ರಿಯಾ ಎಂಬ ಸಣ್ಣ ಪಟ್ಟಣದ ವಿನ್ಯಾಸ ಶಾಲೆಯಲ್ಲಿ ಬೇರೆ ಕೆಲಸ ನಡೆದಿತ್ತು. ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೆ ಅಗ್ಗದ, ಸುಲಭದ ಬೋರ್ಡು ಬೇಕಿತ್ತು. ಎರ್ನಾಂಡೊ ಬರಗಾನ್ ಎಂಬ ಕೊಲಂಬಿಯಾದ ವಿದ್ಯಾರ್ಥಿ 2003ರಲ್ಲಿ ವೈರಿಂಗ್ ಎಂಬ ಬೋರ್ಡು ಮತ್ತು ತಂತ್ರಾಂಶ ಮಾಡಿದ್ದರು. ಅದರ ಬುನಾದಿಯ ಮೇಲೆ 2005ರಲ್ಲಿ ಮಾಸ್ಸಿಮೊ ಬಾಂಜಿ, ಡೇವಿಡ್ ಕ್ವಾರ್ಟಿಯೆಲ್ಲೆಸ್ ಮತ್ತು ಗೆಳೆಯರು ಆರ್ಡುಯಿನೊ ತಂದರು. ಆ ಊರಿನ ಹಳೆಯ ರಾಜನೊಬ್ಬನ ಹೆಸರಿನಲ್ಲಿ ಒಂದು ಬಾರ್ ಇತ್ತು, ಇವರು ಅಲ್ಲಿ ಸೇರುತ್ತಿದ್ದರು. ಬೋರ್ಡಿಗೂ ಆ ಹೆಸರೇ ಬಂತು.

ಇವರು ಮುಗಿದ ವಸ್ತು ಮಾಡಲಿಲ್ಲ, ಅರ್ಧ ಮಾಡಿ ಮೇಲ್ಭಾಗ ಖಾಲಿ ಬಿಟ್ಟರು. ನಕ್ಷೆಯನ್ನು ಶುಲ್ಕವಿಲ್ಲದೆ ಹಂಚಿದರು. ಆರ್ಡುಯಿನೊ ಅನ್ನುವ ಹೆಸರನ್ನು ಮಾತ್ರ ತಮ್ಮದಾಗಿ ಇಟ್ಟುಕೊಂಡರು. ಬೋರ್ಡನ್ನು ಯಾರಾದರೂ ಮಾಡಬಹುದು, ಅದರ ಮೇಲೆ ಕೂರುವುದನ್ನೂ ಯಾರಾದರೂ ಮಾಡಬಹುದು. ಈಗ ಹೆಚ್ಚು ಬಳಕೆಯಲ್ಲಿರುವ ಊನೊ ಮಾದರಿ 2010ರಲ್ಲಿ ಬಂತು. 2011ರ ಮೂರನೇ ಆವೃತ್ತಿಯಲ್ಲಿ ತೂತುಗಳ ಲೆಕ್ಕ ಒಂದು ಕಡೆ 10 ಮತ್ತು 8, ಇನ್ನೊಂದು ಕಡೆ 8 ಮತ್ತು 6. ಒಟ್ಟು 32.

ಈ ತೂತುಗಳಲ್ಲಿ ಒಂದು ತಮಾಷೆ ಇದೆ. ಎಲ್ಲ ತೂತುಗಳ ನಡುವೆ 2.54 ಮಿ.ಮೀ. ಅಂತರ, ಅಂದರೆ ಇಂಚಿನ ಹತ್ತನೇ ಒಂದು. ಆದರೆ 7 ಮತ್ತು 8ನೇ ಪಿನ್ ನಡುವೆ ಮಾತ್ರ 4.06 ಮಿ.ಮೀ. ಅತ್ತ 2.54 ಅಲ್ಲ, ಇತ್ತ ಅದರ ಎರಡರಷ್ಟೂ ಅಲ್ಲ. ನಕ್ಷೆ ಬರೆಯುವಾಗ ಆದ ತಪ್ಪು. ಗೊತ್ತಾಗುವ ಹೊತ್ತಿಗೆ ಆ ಅಳತೆಗೆ ಜನ ಶೀಲ್ಡ್ ಮಾಡಿಬಿಟ್ಟಿದ್ದರು. ತಿದ್ದಿದರೆ ಅವರ ಬೋರ್ಡುಗಳೆಲ್ಲ ಗುಜರಿಗೆ. ಹಾಗಾಗಿ ತಪ್ಪನ್ನೇ ಅಳತೆಯಾಗಿ ಉಳಿಸಿಕೊಂಡರು. ಅಂಗಡಿಯಲ್ಲಿ ಸಿಗುವ ತೂತಿನ ಬೋರ್ಡು ತಂದು ಶೀಲ್ಡ್ ಮಾಡಲು ಹೊರಟವರಿಗೆ ಒಂದು ಸಾಲು ಕೂತರೆ ಇನ್ನೊಂದು ಸಾಲು ಕೂರದೆ ಇರುವುದು ಇದೇ ಕಾರಣಕ್ಕೆ.

ಶೀಲ್ಡ್ ಬರೆಯುವುದು ಹೇಗೆ

ತೋಟದ ಮೋಟರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೆಳಗೆ ಊನೊ, ನಡುವೆ ಸಿಮ್ ಬೋರ್ಡು, ಮೇಲೆ ರಿಲೇ ಬೋರ್ಡು. ಬರೆಯುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು.

ಮೊದಲನೆಯದು ಪಿನ್ನಿನ ಜಗಳ. ಸಿಮ್ ಬೋರ್ಡು 7 ಮತ್ತು 8ನೇ ಪಿನ್ನಿನಲ್ಲಿ ಮಾತಾಡುತ್ತದೆ ಅಂದುಕೊಳ್ಳಿ. ರಿಲೇ ಬೋರ್ಡು 4, 5, 6, 7 ಕೇಳುತ್ತದೆ. 7ಕ್ಕೆ ಇಬ್ಬರು ವಾರಸುದಾರರು. ಎರಡೂ ಒಂಟಿಯಾಗಿ ಚೆನ್ನಾಗಿ ನಡೆಯುತ್ತವೆ, ಜೊತೆಗೆ ಕೂರಿಸಿದರೆ ಎರಡೂ ಕೆಡುತ್ತವೆ. ಬಲ್ಲವರು ಪಿನ್ ಬದಲಿಸಲು ಜಂಪರ್ ಇಟ್ಟು ಬರೆಯುತ್ತಾರೆ.

ಎರಡನೆಯದು ಮನೆ ನಂಬರು. ಎರಡೇ ತಂತಿಯಲ್ಲಿ ಹಲವು ಚಿಪ್ಪುಗಳು ಮಾತಾಡುವ ಐ-ಸ್ಕ್ವೇರ್-ಸಿ ಎಂಬ ಪದ್ಧತಿ ಇದೆ. ಪ್ರತಿ ಚಿಪ್ಪಿಗೆ ಒಂದು ವಿಳಾಸ. ಎರಡಕ್ಕೆ ಒಂದೇ ವಿಳಾಸ ಇದ್ದರೆ ಅಂಚೆಯವರು ಯಾರ ಮನೆಗೆ ಹೋಗಬೇಕು? ವಿಳಾಸ ಬದಲಿಸುವ ಜಂಪರ್ ಬೇಕು. ಬ್ಯಾಲೆಟ್ ಯೂನಿಟ್‌ನ ಸ್ಲೈಡ್ ಸ್ವಿಚ್ ಮಾಡುವುದೂ ಇದನ್ನೇ.

ಮೂರನೆಯದು ಕರೆಂಟು. ಊನೊದ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್ ತೆಗೆದರೆ ಕ್ಷೇಮ. ಸಣ್ಣ ರಿಲೇಯ ಸುರುಳಿಗೇ ಸುಮಾರು 70 ಬೇಕು. ಆದ್ದರಿಂದ ನಡುವೆ ಟ್ರಾನ್ಸಿಸ್ಟರ್, ಸುರುಳಿ ಆಫ್ ಆಗುವಾಗಿನ ಹಿಮ್ಮುಖ ಹೊಡೆತ ತಡೆಯಲು ಡಯೋಡ್. 2ಜಿ ಸಿಮ್ ಮಾಡ್ಯೂಲ್ ಸಿಗ್ನಲ್ ಬಿಡುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಕೆಳಗಿನ ಬೋರ್ಡಿಗೆ ಅಷ್ಟು ಕೊಡುವ ಶಕ್ತಿ ಇಲ್ಲ. ಎಸ್‌ಎಂಎಸ್ ಕಳಿಸುವಾಗಲೇ ಬೋರ್ಡು ತಾನಾಗಿ ರೀಸೆಟ್ ಆಗುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಸಿಮ್ ಬೋರ್ಡು ತನ್ನ ವಿದ್ಯುತ್ತನ್ನು ತಾನೇ ತರಬೇಕು.

ನಾಲ್ಕನೆಯದು ವೋಲ್ಟೇಜು. ಕೆಲವು ಬೋರ್ಡು 5 ವೋಲ್ಟಿನವು, ಕೆಲವು 3.3ರವು. ಕೆಳಗಿನ ಬೋರ್ಡು ಯಾವುದು ಅಂತ ಮೇಲಿನದಕ್ಕೆ ಹೇಳಲೆಂದೇ 2011ರ ಆವೃತ್ತಿಯಲ್ಲಿ ಐಓರೆಫ್ ಎಂಬ ಪಿನ್ ಸೇರಿಸಿದರು. ಅದನ್ನು ಓದಿ ನಡೆಯುವ ಶೀಲ್ಡ್ ಎರಡಕ್ಕೂ ಹೊಂದುತ್ತದೆ.

ಐದನೆಯದು ಎತ್ತರ. ಊನೊದ ಯುಎಸ್‌ಬಿ ಸಾಕೆಟ್ ಲೋಹದ್ದು, ಎತ್ತರದ್ದು. ಅದರ ಮೇಲೆ ಸರಿಯಾಗಿ ಬರುವ ಜಾಗದಲ್ಲಿ ಶೀಲ್ಡಿನ ಬೆಸುಗೆ ಚುಚ್ಚಿಕೊಂಡಿದ್ದರೆ ತಗುಲಿ ಶಾರ್ಟ್ ಆಗುತ್ತದೆ. ಆ ಜಾಗ ಖಾಲಿ ಬಿಡಬೇಕು. ಮೇಲೆ ಇನ್ನೊಂದು ಬೋರ್ಡು ಕೂರಬೇಕಾದರೆ ಕೆಳಗೆ ಉದ್ದ ಕಾಲು, ಮೇಲೆ ತೂತು ಇರುವ ಹೆಡರ್ ಹಾಕಬೇಕು. ಕೆಳಗಿನ ರೀಸೆಟ್ ಗುಂಡಿ ಮುಚ್ಚಿಹೋಗುವುದರಿಂದ ಮೇಲೂ ಒಂದು ಗುಂಡಿ ಕೊಡಬೇಕು.

ಕೊನೆಯದು ಪ್ರಾಣದ ಪ್ರಶ್ನೆ. ಪಂಪ್‌ಸೆಟ್ಟಿನದು ಮೂರು ಫೇಸಿನ 415 ವೋಲ್ಟು. ಸಣ್ಣ ರಿಲೇಯಿಂದ ನೇರ ಮೋಟರ್ ಓಡಿಸುವ ಹಾಗಿಲ್ಲ. ಅದು ಸ್ಟಾರ್ಟರಿನ ಕಾಂಟ್ಯಾಕ್ಟರ್ ಸುರುಳಿಯನ್ನು ಮಾತ್ರ ಆನ್ ಆಫ್ ಮಾಡಬೇಕು. ಬೋರ್ಡಿನ ಮೇಲೆ ಲೈನ್ ಕರೆಂಟಿನ ತಾಮ್ರದ ಗೆರೆಗೂ 5 ವೋಲ್ಟಿನ ಗೆರೆಗೂ ನಡುವೆ ಕೆಲವು ಮಿಲಿಮೀಟರ್ ಖಾಲಿ ಜಾಗ ಇರಲೇಬೇಕು. ಈ ಭಾಗವನ್ನು ಅನುಭವಿ ಎಲೆಕ್ಟ್ರಿಷಿಯನ್ ಇಲ್ಲದೆ ಯಾರೂ ಮುಟ್ಟಬೇಡಿ.

ಮೇಲಿನ ತಟ್ಟೆ ಬದಲಿಸಿದರೆ ಸಾಕು

ಇಷ್ಟೆಲ್ಲ ತಲೆನೋವಿನ ಲಾಭ ಏನು? ಸಿಮ್ ವಿಷಯವನ್ನೇ ನೋಡಿ. 2ಜಿ ಸಿಮ್ ಬೇಡುವ ಮೊಬೈಲ್ ಸ್ಟಾರ್ಟರ್‌ಗಳಿಗೆ ಜಿಯೋ ಸಿಮ್ ನಡೆಯುವುದಿಲ್ಲ, ಆ ಕಂಪನಿಗೆ 2ಜಿ ಇಲ್ಲವೇ ಇಲ್ಲ. ಎಲ್ಲವೂ ಒಂದೇ ಬೋರ್ಡಿನಲ್ಲಿ ಅಂಟಿಕೊಂಡಿದ್ದರೆ ಡಬ್ಬಿಯನ್ನೇ ಬದಲಿಸಬೇಕು. ಬಿಡಿಬಿಡಿಯಾಗಿ ಕೂರುವ ವಿನ್ಯಾಸ ಇದ್ದರೆ ಸಿಮ್ ಬೋರ್ಡು ಮಾತ್ರ ಕಿತ್ತು 4ಜಿಯದ್ದು ಹಾಕಿ, ಪ್ರೋಗ್ರಾಮಿನಲ್ಲಿ ಅಗತ್ಯವಿದ್ದಷ್ಟು ತಿದ್ದಿದರೆ ಸಾಕು. ರಿಲೇ, ಡಬ್ಬಿ, ವೈರಿಂಗ್ ಎಲ್ಲ ಹಾಗೇ ಉಳಿಯುತ್ತವೆ.

ಪದರ ಹೆಚ್ಚಾದಂತೆ ಬೆಲೆಯೂ ಏರುತ್ತದೆ, ಧೂಳು ತೇವಕ್ಕೆ ಹೆಡರಿನ ಪಿನ್ನುಗಳು ಸಡಿಲವಾಗುವುದೂ ಉಂಟು. ಸಾವಿರಾರು ಸಂಖ್ಯೆಯಲ್ಲಿ ಮಾಡುವ ಕಂಪನಿಗಳು ಒಂದೇ ಬೋರ್ಡಿಗೆ ಹೋಗುವುದು ಅದಕ್ಕೇ. ಆದರೆ ಒಂದು ತಾಲ್ಲೂಕಿಗೆ ಬೇಕಾದ ಐವತ್ತು ನೂರು ತುಂಡು ಮಾಡುವ ಶೆಡ್ಡಿಗೆ, ಕಲಿಯುವ ಹುಡುಗರಿಗೆ, ಈ ಜೋಡಣೆಯ ದಾರಿಯೇ ಸುಲಭ.

ನಕ್ಷೆ ಯಾರ ಕೈಯಲ್ಲಿ

2016ರಲ್ಲಿ ಶುರುವಾದ ಅಟಲ್ ಇನ್ನೋವೇಶನ್ ಮಿಷನ್ ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಕೊಟ್ಟಿತು. 6ರಿಂದ 12ನೇ ತರಗತಿಯ ಮಕ್ಕಳಿಗೆ, ಒಂದು ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಹಳ್ಳಿ ಕಡೆಯ ಕೆಲವು ಶಾಲೆಗಳಿಗೂ ಆರ್ಡುಯಿನೊ ಬಂದದ್ದು ಹೀಗೆ. ಮಕ್ಕಳು ಕೊಂಡು ತಂದ ಶೀಲ್ಡ್ ಕೂರಿಸಿ ದೀಪ ಬೆಳಗಿಸುವುದು ಒಳ್ಳೆಯದೇ. ಆದರೆ ಅಲ್ಲಿಗೇ ನಿಂತರೆ ನಾಳೆ ಅವರಿಗೂ ಸಿಗುವುದು ಬಿಡಿಭಾಗ ಕೂರಿಸುವ ಕೆಲಸವೇ.

ಮುಂದಿನ ಮೆಟ್ಟಿಲಿಗೆ ಹಣಕ್ಕಿಂತ ಅಭ್ಯಾಸ ಹೆಚ್ಚು ಬೇಕು. ಬೋರ್ಡು ಬರೆಯುವ ಕೀಕ್ಯಾಡ್ ಎಂಬ ತಂತ್ರಾಂಶ ಪೂರ್ತಿ ಉಚಿತ. ಫ್ರಾನ್ಸಿನ ಜಾನ್-ಪಿಯರ್ ಶರಾ ಅದನ್ನು 1992ರಲ್ಲಿ ಶುರು ಮಾಡಿದರು. ಊನೊ ಆಕಾರದ ಖಾಲಿ ಶೀಲ್ಡ್ ನಕ್ಷೆ ಅದರಲ್ಲಿ ಸಿದ್ಧವಾಗಿಯೇ ಸಿಗುತ್ತದೆ, ಆ 4.06ರ ವಕ್ರ ಸಂದಿನ ಸಮೇತ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್‌ಪಿ ರೋಡ್ ಇದೆ. ಬರೆದ ನಕ್ಷೆಯನ್ನು ಗರ್ಬರ್ ಫೈಲ್ ಮಾಡಿ ಕೊಟ್ಟರೆ ಬೋರ್ಡು ಮಾಡಿಕೊಡುವ ಪಿಸಿಬಿ ತಯಾರಕರು ಬೆಂಗಳೂರಿನಲ್ಲೇ ಇದ್ದಾರೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಐಟಿಐ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದರೆ ಒಂದು ಮಾತು ಕೇಳಿ: ಕೋರ್ಸು ಮುಗಿಯುವುದರೊಳಗೆ ನೀನೇ ಬರೆದ ಒಂದು ಬೋರ್ಡು ಕೈಗೆ ಬರುತ್ತಾ? ಒಂದು ರಿಲೇ, ಒಂದು ಟ್ರಾನ್ಸಿಸ್ಟರ್, ಒಂದು ಡಯೋಡ್, ಒಂದು ದೀಪ ಇರುವ ಶೀಲ್ಡ್ ಆದರೂ ಸಾಕು. ಕೆಲಸ ಕೇಳಲು ಹೋದಾಗ ಅಂಕಪಟ್ಟಿಯ ಜೊತೆ ಆ ಬೋರ್ಡನ್ನೂ ಮೇಜಿನ ಮೇಲೆ ಇಡಬಹುದು.

ಇನ್ನು ನೀವು ಹೊಸ ಮೊಬೈಲ್ ಸ್ಟಾರ್ಟರ್ ಕೊಳ್ಳಲು ಹೋದರೆ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ. ಸಿಮ್ ಬೋರ್ಡು ಬೇರೆಯಾಗಿ ಬಿಚ್ಚಲು ಬರುತ್ತಾ? ಕೆಟ್ಟರೆ ಅದೊಂದೇ ಸಿಗುತ್ತಾ? ಕಲ್ಟಿವೇಟರ್ ಕೊಳ್ಳುವಾಗ ಕೊಂಡಿ ನೋಡದೆ ನಾವು ಯಾರೂ ದುಡ್ಡು ಕೊಡುವುದಿಲ್ಲ. ಇಲ್ಲೂ ಹಾಗೇ, ಕೊಂಡಿ ನೋಡಿಯೇ ದುಡ್ಡು ಕೊಡಿ.